ಕಂಬದ ಮೇಲಿದ್ದವನ ಒಂದು ಗಂಟೆಗೆ ಎಷ್ಟು? ಪೋರ್ಟೊ ರಿಕೊದ ಒಂದು ಬಿಲ್ಲಿನ ಕಥೆ

ಗಂಟೆಗೆ 319 ಡಾಲರ್. 2017ರ ಅಕ್ಟೋಬರ್‌ನಲ್ಲಿ ಈ ಅಂಕಿ ಹೊರಗೆ ಬಿದ್ದಾಗ ತುಂಬ ಜನ ಕೇಳಿದ್ದು ಒಂದೇ ಮಾತು: ಕರೆಂಟ್ ಕಂಬ ಹತ್ತುವವರಿಗೆ ಇಷ್ಟೊಂದು ದುಡ್ಡಾ? ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಅದು ಲೈನ್‌ಮ್ಯಾನ್ ಸಂಬಳ ಅಲ್ಲವೇ ಅಲ್ಲ. ಚಂಡಮಾರುತಕ್ಕೆ ಬಿದ್ದ ಲೈನು ಎತ್ತಲು ಬಂದ ಒಂದು ಖಾಸಗಿ ಕಂಪನಿ ಪೋರ್ಟೊ ರಿಕೊದ ವಿದ್ಯುತ್ ಸಂಸ್ಥೆಗೆ ಲೈನ್‌ಮ್ಯಾನ್ ಹೆಸರಲ್ಲಿ ಹಾಕಿದ ಬಿಲ್ಲು. ಈ ಎರಡರ ನಡುವೆ ಎಷ್ಟು ದೂರ ಇದೆ ಅನ್ನುವುದೇ ಈ ಪ್ರಕರಣ.

ಮೊದಲು ಏನಾಯಿತು ನೋಡೋಣ. 2017ರ ಸೆಪ್ಟೆಂಬರ್ 20ರ ಬೆಳಿಗ್ಗೆ ಮರಿಯಾ ಚಂಡಮಾರುತ, ಕೆರಿಬಿಯನ್ ಸಮುದ್ರದಲ್ಲಿ ಅಮೆರಿಕದ ಆಡಳಿತದಲ್ಲಿರುವ ಪೋರ್ಟೊ ರಿಕೊ ದ್ವೀಪದ ಯಾಬುಕೋವಾ ಹತ್ತಿರ ನೆಲಕ್ಕೆ ಬಡಿಯಿತು. ನಾಲ್ಕನೇ ದರ್ಜೆಯ ಬಿರುಗಾಳಿ, ಗಂಟೆಗೆ 155 ಮೈಲಿ ವೇಗ, ಅಂದರೆ ಹೆಚ್ಚು ಕಡಿಮೆ 250 ಕಿಲೋಮೀಟರ್. ಅದಕ್ಕೆ ಎರಡು ವಾರ ಮೊದಲಷ್ಟೇ ಇರ್ಮಾ ಅನ್ನುವ ಇನ್ನೊಂದು ಚಂಡಮಾರುತ ಪಕ್ಕದಲ್ಲಿ ಹಾದು ಹೋಗಿ ಸಾಕಷ್ಟು ಕಂಬ ಬೀಳಿಸಿತ್ತು. ಅದರ ರಿಪೇರಿಯೇ ಪೂರ್ತಿ ಮುಗಿದಿರಲಿಲ್ಲ. ಈಗ ಇಡೀ ದ್ವೀಪ ಕತ್ತಲು. ಸುಮಾರು 15 ಲಕ್ಷ ಗ್ರಾಹಕರು, ಒಬ್ಬರಿಗೂ ಕರೆಂಟ್ ಇಲ್ಲ.

ಅಲ್ಲಿ ಕರೆಂಟ್ ಕೊಡುತ್ತಿದ್ದದ್ದು ಒಂದೇ ಸರ್ಕಾರಿ ಸಂಸ್ಥೆ, ಹೆಸರು ಪ್ರೆಪಾ. ಸುಮಾರು 2,400 ಮೈಲಿ ದೊಡ್ಡ ಲೈನು, 30,000 ಮೈಲಿ ಬೀದಿ ಲೈನು ಅದರ ಕೈಯಲ್ಲಿತ್ತು. ಕೈಯಲ್ಲಿ ಇಲ್ಲದಿದ್ದದ್ದು ದುಡ್ಡು. ಸುಮಾರು 900 ಕೋಟಿ ಡಾಲರ್ ಸಾಲ ತಲೆ ಮೇಲೆ ಹೊತ್ತು ಅದೇ ಜುಲೈನಲ್ಲಿ ದಿವಾಳಿ ಅರ್ಜಿ ಹಾಕಿತ್ತು. ಜನರೂ ಇರಲಿಲ್ಲ. ಹಿಂದಿನ ಕೆಲವು ವರ್ಷಗಳಲ್ಲಿ ಅನುಭವ ಇದ್ದವರು ನಿವೃತ್ತಿ ತೆಗೆದುಕೊಂಡೋ, ಅಮೆರಿಕದ ಮುಖ್ಯ ಭೂಭಾಗಕ್ಕೆ ಕೆಲಸ ಹುಡುಕಿಕೊಂಡೋ ಗುಂಪು ಗುಂಪಾಗಿ ಹೊರಟು ಹೋಗಿದ್ದರು. ಮರ ಕಡಿಯುವ ಕೆಲಸ ಹಿಂದೆ ಬಿದ್ದಿತ್ತು. ಗೋದಾಮಿನಲ್ಲಿ ಸಾಮಾನು ಕಮ್ಮಿ. ಇಂಥ ಹೊತ್ತಲ್ಲಿ ಗಾಳಿ ಬಂತು.

ಹೊರಗಿನಿಂದ ಜನ ಬರುವುದು ಹೇಗೆ

ಅಮೆರಿಕದಲ್ಲಿ ಇದಕ್ಕೊಂದು ಹಳೆಯ ಏರ್ಪಾಡು ಇದೆ. ಪರಸ್ಪರ ನೆರವು ಅನ್ನಿ. ಒಂದು ಊರಿನ ಲೈನು ಬಿದ್ದರೆ ಬೇರೆ ರಾಜ್ಯಗಳ ವಿದ್ಯುತ್ ಸಂಸ್ಥೆಗಳು ತಮ್ಮ ಲೈನ್‌ಮ್ಯಾನ್‌ಗಳನ್ನು ಲಾರಿ ಸಮೇತ ಕಳಿಸುತ್ತವೆ. ದರದ ಲೆಕ್ಕ ಗಾಳಿ ಬೀಸುವ ಮೊದಲೇ ಬರೆದಿಟ್ಟಿರುತ್ತದೆ. ತಗಲಿದ ಖರ್ಚು ಕೊಡಬೇಕು, ಅದರ ಮೇಲೆ ಲಾಭ ಕೇಳುವಂತಿಲ್ಲ. ಬಂದವರಿಗೆ ಅವರವರ ಸಂಸ್ಥೆಯ ಸಂಬಳ, ಓಟಿ ನಡೆಯುತ್ತದೆ. ಕರೆಸಿದ್ದು ಪ್ರೆಪಾದಂಥ ಸರ್ಕಾರಿ ಸಂಸ್ಥೆಯಾದರೆ, ಖರ್ಚಿನ ದೊಡ್ಡ ಪಾಲನ್ನು ಕೇಂದ್ರದ ವಿಪತ್ತು ಸಂಸ್ಥೆ ಫೀಮಾ ಆಮೇಲೆ ತುಂಬಿಕೊಡಬಹುದು.

ಇದು ಕೆಲಸ ಮಾಡುತ್ತದೆಯೇ ಅಂದರೆ, ಮಾಡುತ್ತದೆ. ಅದೇ ತಿಂಗಳು ಇರ್ಮಾ ಫ್ಲಾರಿಡಾಕ್ಕೆ ಬಡಿದಾಗ ಅಲ್ಲಿನ ಅತಿ ದೊಡ್ಡ ವಿದ್ಯುತ್ ಕಂಪನಿಯ 44 ಲಕ್ಷ ಗ್ರಾಹಕರಿಗೆ ಕರೆಂಟ್ ಹೋಗಿತ್ತು. ಹೊರಗಿನಿಂದ ಸಾವಿರಾರು ಜನ ಬಂದರು. ಸುಮಾರು ಹತ್ತು ದಿನದಲ್ಲಿ ಎಲ್ಲ ಮುಗಿಯಿತು.

ಪೋರ್ಟೊ ರಿಕೊ ದ್ವೀಪ. ಫ್ಲಾರಿಡಾಕ್ಕೆ ಹೋದ ಹಾಗೆ ರಾತ್ರಿಯೆಲ್ಲ ಲಾರಿ ಓಡಿಸಿಕೊಂಡು ಬೆಳಗಾಗುವಷ್ಟರಲ್ಲಿ ತಲುಪುವಂತಿಲ್ಲ. ಲಾರಿ ಹಡಗಿನಲ್ಲಿ ಬರಬೇಕು, ಜನ ವಿಮಾನದಲ್ಲಿ. ಮಲಗುವುದಕ್ಕೆ ಜಾಗ, ಕುಡಿಯೋಕೆ ನೀರು, ಡೀಸೆಲ್, ಎಲ್ಲವನ್ನೂ ಕರೆಸಿದವರೇ ಹೊಂದಿಸಬೇಕು. ದಿವಾಳಿ ಸಂಸ್ಥೆಗೆ ಇದು ಸುಲಭವಲ್ಲ, ಒಪ್ಪೋಣ. ಆದರೂ ಪ್ರೆಪಾ ಮಾಡಿದ ಆಯ್ಕೆ ವಿಚಿತ್ರ. ಪರಸ್ಪರ ನೆರವಿಗೆ ಔಪಚಾರಿಕವಾಗಿ ಕೈ ಚಾಚಿದ್ದು ಅಕ್ಟೋಬರ್ ಕೊನೆಯಲ್ಲಿ, ಗಾಳಿ ಬಂದು ಐದು ವಾರ ದಾಟಿದ ಮೇಲೆ. ಅಷ್ಟರಲ್ಲಿ ಅದು ಮೊಂಟಾನಾ ರಾಜ್ಯದ ವೈಟ್‌ಫಿಶ್ ಎನರ್ಜಿ ಅನ್ನುವ ಚಿಕ್ಕ ಖಾಸಗಿ ಕಂಪನಿಗೆ 30 ಕೋಟಿ ಡಾಲರ್‌ವರೆಗಿನ ಗುತ್ತಿಗೆ ಕೊಟ್ಟಾಗಿತ್ತು. ಆ ಕಂಪನಿಗೆ ಎರಡು ವರ್ಷ ವಯಸ್ಸು. ಮರಿಯಾ ಬಡಿದ ದಿನ ಅದರಲ್ಲಿದ್ದ ಪೂರ್ಣಾವಧಿ ನೌಕರರು ಇಬ್ಬರು. ಇಬ್ಬರೇ!

ಯಾಕೆ ಇವರೇ ಅಂತ ಕೇಳಿದಾಗ ಪ್ರೆಪಾ ಮುಖ್ಯಸ್ಥ ರಿಕಾರ್ಡೊ ರಾಮೋಸ್ ಕೊಟ್ಟ ಉತ್ತರದ ಸಾರ: ಇವರು ಬೇಗ ಬರುತ್ತೇವೆ ಅಂದರು, ದೊಡ್ಡ ಮುಂಗಡ ಕೇಳಲಿಲ್ಲ. ಕಾಸಿಲ್ಲದವನಿಗೆ ಸಾಲದ ಅಂಗಡಿಯೇ ಹತ್ತಿರ. ಸಾಲದಲ್ಲಿ ಕೊಡುವ ಅಂಗಡಿ ರೇಟು ಹೇಗಿರುತ್ತದೆ ಅಂತ ಬೇರೆ ಹೇಳಬೇಕಾ?

(ಆ ಕಂಪನಿಯ ಊರಿನವರೇ ಒಬ್ಬರು ಆಗ ಕೇಂದ್ರದಲ್ಲಿ ಮಂತ್ರಿಯಾಗಿದ್ದರು, ಅದರ ಮೇಲೂ ಬೇಕಾದಷ್ಟು ಗದ್ದಲ ಆಯಿತು. ನನಗೂ ಗುತ್ತಿಗೆಗೂ ಸಂಬಂಧ ಇಲ್ಲ ಅಂತ ಅವರು ಹೇಳಿದರು. ಅದು ಬೇರೆ ಕಥೆ, ಬಿಡಿ.)

ದರಪಟ್ಟಿ

ಗುತ್ತಿಗೆಯಲ್ಲಿ ಇದ್ದ ದರಗಳನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಕಂಪನಿಯ ಸ್ವಂತ ಲೈನ್‌ಮ್ಯಾನ್‌ಗೆ ಗಂಟೆಗೆ 227.88 ಡಾಲರ್. ಸೂಪರ್‌ವೈಸರ್‌ಗೆ 330. ಉಪಗುತ್ತಿಗೆಯಲ್ಲಿ ತಂದ ಲೈನ್‌ಮ್ಯಾನ್ ಆದರೆ 319.04, ಸೂಪರ್‌ವೈಸರ್ ಆದರೆ 462.

ಈ ಎರಡು ಜೋಡಿಗಳನ್ನು ಕ್ಯಾಲ್ಕುಲೇಟರ್‌ನಲ್ಲಿ ಹಾಕಿ ನೋಡಿ. 330ಕ್ಕೆ ಶೇಕಡ 40 ಸೇರಿಸಿದರೆ ಕರಾರುವಾಕ್ಕಾಗಿ 462. 227.88ಕ್ಕೆ ಶೇಕಡ 40 ಸೇರಿಸಿದರೆ 319.03, ಒಂದು ಸೆಂಟ್ ಆಚೀಚೆ. ಅಂದರೆ ಉಪಗುತ್ತಿಗೆಯ ದರ ಬೇರೆ ಯಾವುದೋ ಕಷ್ಟ ನೋಡಿ ಕಟ್ಟಿದ್ದು ಅನ್ನಿಸುವುದಿಲ್ಲ, ಸ್ವಂತ ದರದ ಮೇಲೆ ಒಂದು ಪದರ ಹಚ್ಚಿದ ಹಾಗಿದೆ. ಇಬ್ಬರೇ ನೌಕರರಿದ್ದ ಕಂಪನಿ, ಹಾಗಾಗಿ ಬರುವ ಜನರಲ್ಲಿ ಹೆಚ್ಚಿನವರು ಉಪಗುತ್ತಿಗೆಯವರೇ. ಎರಡನೇ ದರವೇ ಅಸಲಿ ದರ.

ಇದರಲ್ಲಿ ಊಟ, ವಸತಿ ಸೇರಿದೆಯಾ? ಇಲ್ಲ. ತಲೆಗೆ ರಾತ್ರಿಯೊಂದಕ್ಕೆ 332 ಡಾಲರ್ ವಸತಿ, ದಿನಕ್ಕೆ 80 ಡಾಲರ್ ಊಟ, ಬರಲು ಹೋಗಲು ವಿಮಾನಕ್ಕೆ ಒಂದೊಂದು ಸಲಕ್ಕೆ 1,000 ಡಾಲರ್, ಎಲ್ಲ ಬೇರೆ. ಇದರ ಜೊತೆಗೆ ಇನ್ನೂ ಎರಡು ಸಾಲು: ವೆಚ್ಚದಲ್ಲಿ ಎಷ್ಟು ಖರ್ಚು, ಎಷ್ಟು ಲಾಭ ಅಂತ ಸರ್ಕಾರ ಆಡಿಟ್ ಮಾಡುವಂತಿಲ್ಲ. ಕೆಲಸ ತಡವಾದರೆ ಅದಕ್ಕಾಗಿ ಪ್ರೆಪಾ ಏನೂ ಕೇಳುವಂತಿಲ್ಲ. ನಾನು ಕಂಡ ಹಾಗೆ ಆ ಗುತ್ತಿಗೆಯಲ್ಲಿ ಅತಿ ದುಬಾರಿ ಸಾಲು 319 ಅಲ್ಲ, ಆಡಿಟ್ ಬೇಡ ಅನ್ನುವ ಸಾಲು.

ಹಾಗಾದರೆ ಕಂಬದ ಮೇಲಿದ್ದವರು ಯಾರು, ಅವರ ಕೈಗೆ ಎಷ್ಟು ಬರುತ್ತಿತ್ತು? ಅವರಲ್ಲಿ ಒಂದಷ್ಟು ಜನ ಬಂದದ್ದು ಫ್ಲಾರಿಡಾದಿಂದ. ಕಿಸಿಮೀ, ಲೇಕ್‌ಲ್ಯಾಂಡ್, ಜ್ಯಾಕ್ಸನ್‌ವಿಲ್ ಊರುಗಳ ವಿದ್ಯುತ್ ಸಂಸ್ಥೆಗಳ ನೌಕರರು. ಆ ನವೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಈ ಮೂರೂ ಊರುಗಳ ಲೆಕ್ಕ ತೆಗೆಯಿತು. ಕಿಸಿಮೀಯಿಂದ ಬಂದ ಆರು ಜನಕ್ಕೆ ಗಂಟೆಗೆ 42 ಡಾಲರ್, ಮೇಲೆ ಓಟಿ. ಲೇಕ್‌ಲ್ಯಾಂಡಿನ ಹಿರಿಯರಿಗೆ 63. ಜ್ಯಾಕ್ಸನ್‌ವಿಲ್‌ನ 40 ಜನಕ್ಕೆ ಡಬಲ್ ಲೆಕ್ಕದಲ್ಲಿ 100ರವರೆಗೆ.

ಪೋರ್ಟೊ ರಿಕೊದ್ದೇ ಲೈನ್‌ಮ್ಯಾನ್‌ಗಳಿಗೆ? 319 ಅನ್ನುವುದು ಅವರ ಸರಾಸರಿ ಸಂಬಳದ ಹೆಚ್ಚು ಕಡಿಮೆ 17 ಪಟ್ಟು. ಭಾಗಿಸಿದರೆ 19 ಡಾಲರ್ ಆಸುಪಾಸು ಬರುತ್ತದೆ. ಒಂದೇ ಬೀದಿ, ಒಂದೇ ತಂತಿ. ಒಂದು ಕಂಬದ ಮೇಲೆ 19, ಪಕ್ಕದ ಕಂಬದ ಮೇಲೆ 63, ಬಿಲ್ಲಿನ ಮೇಲೆ 319.

ಕಂಪನಿಯ ಮಾತನ್ನೂ ಹೇಳಬೇಕು. ದರದಲ್ಲಿ ಬರೀ ಸಂಬಳ ಇಲ್ಲ, ನಮ್ಮ ಇತರ ಖರ್ಚುಗಳೂ ಇವೆ, ಇಂಥ ಜಾಗಕ್ಕೆ ಜನ ಬರಬೇಕಾದರೆ ಜಾಸ್ತಿ ಕೊಡಲೇಬೇಕು ಅಂತ ಅವರು ಅಂದರು. ಇದು ಪೂರ್ತಿ ಸುಳ್ಳಲ್ಲ. ಯಾವ ಗುತ್ತಿಗೆದಾರನೂ ಕೈಗೆ ಕೊಡುವ ಸಂಬಳಕ್ಕೇ ಬಿಲ್ ಮಾಡುವುದಿಲ್ಲ. ವಿಮೆ, ತೆರಿಗೆ, ಪಿಂಚಣಿ ಕಂತು, ಉಪಕರಣದ ಸವೆತ, ದುಡ್ಡು ಬರುವವರೆಗೆ ಕೈಯಿಂದ ಹಾಕಿದ ಬಂಡವಾಳದ ಬಡ್ಡಿ, ಎಲ್ಲ ಇರುತ್ತದೆ. ಅದಕ್ಕೆಲ್ಲ ಸೇರಿಸಿ ಸಂಬಳದ ಇನ್ನೊಂದು ಪಾಲು ಇಡಿ. ಬೇಡ, ಒಂದೂವರೆ ಪಾಲೇ ಇಡಿ. 63 ಡಾಲರ್ ಆಗ 157 ಆಗುತ್ತದೆ. ವಸತಿ ಊಟ ವಿಮಾನ ಹೇಗೂ ಬೇರೆ. 157ರಿಂದ 319ರವರೆಗಿನ ದಾರಿಯನ್ನು ಯಾರೂ ನನಗೆ ಒಪ್ಪುವ ಹಾಗೆ ವಿವರಿಸಿಲ್ಲ. ಆಡಿಟ್ ಮಾಡೋಣ ಅಂದರೆ, ಅದಕ್ಕೆ ಸಹಿ ಹಾಕಿ ಬಾಗಿಲು ಮುಚ್ಚಿಯಾಗಿತ್ತು.

ಆ ಒಂದು ಗಂಟೆಯಲ್ಲಿ ಏನಿದೆ

ದುಡ್ಡಿನ ಮಾತಲ್ಲಿ ಕೆಲಸ ಏನು ಅನ್ನುವುದೇ ಮರೆತುಹೋಗುತ್ತದೆ. ಗಾಳಿ ನಿಂತ ಮೇಲಿನ ಲೈನ್ ಕೆಲಸ ಮಾಮೂಲಿ ದಿನದ ಕೆಲಸ ಅಲ್ಲ.

ಸಾಮಾನ್ಯವಾಗಿ ಇಂಥ ಹೊತ್ತಲ್ಲಿ ಅಮೆರಿಕದ ಗ್ಯಾಂಗ್‌ಗಳ ರೂಢಿ ಹದಿನಾರು ಗಂಟೆ ಕೆಲಸ, ಎಂಟು ಗಂಟೆ ಬಿಡುವು. ಆ ಎಂಟರಲ್ಲೇ ಸೈಟಿನಿಂದ ಮಲಗುವ ಜಾಗಕ್ಕೆ ಹೋಗಬೇಕು, ಸ್ನಾನ, ಊಟ, ಮನೆಗೊಂದು ಫೋನ್, ಮತ್ತೆ ಎದ್ದು ಬರಬೇಕು. ನಿದ್ದೆಗೆ ಉಳಿಯುವುದು ಐದು ಗಂಟೆ ಇದ್ದರೆ ಜಾಸ್ತಿ. ಒಂದೆರಡು ದಿನ ಸರಿ. ವಾರಗಟ್ಟಲೆ ಅಂದರೆ? ಕಾನೂನು ಇಲ್ಲಿ ಹೆಚ್ಚೇನೂ ಅಡ್ಡ ಬರುವುದಿಲ್ಲ. 1938ರ ಕಾರ್ಮಿಕ ಕಾಯ್ದೆ ವಾರಕ್ಕೆ 40 ಗಂಟೆ ದಾಟಿದರೆ ಒಂದೂವರೆ ಪಟ್ಟು ಕೊಡಿ ಅನ್ನುತ್ತದೆ, ಇಷ್ಟಕ್ಕಿಂತ ಜಾಸ್ತಿ ದುಡಿಸಬೇಡಿ ಅಂತ ದೊಡ್ಡವರಿಗೆ ಮಿತಿ ಹಾಕುವುದಿಲ್ಲ. ಡಬಲ್ ಸಂಬಳ ಅನ್ನುವುದೂ ಆ ಕಾಯ್ದೆಯಲ್ಲಿ ಬರೆದದ್ದಲ್ಲ, ಯೂನಿಯನ್‌ಗಳು ಕೂತು ಮಾತಾಡಿ ಪಡೆದದ್ದು. ಹಾಗಾಗಿ ಯೂನಿಯನ್ ಇರುವ ಊರಿನಿಂದ ಬಂದವರಿಗೆ ಒಂದು ದರ, ಇಲ್ಲದ ಕಡೆಯಿಂದ ಬಂದವರಿಗೆ ಇನ್ನೊಂದು.

ಒಂದು ಕೆಲಸವನ್ನು ಹತ್ತಿರದಿಂದ ನೋಡೋಣ. ಬೀದಿಯಲ್ಲಿ ತಂತಿ ತುಂಡಾಗಿ ಬಿದ್ದಿದೆ. ಊರಿಗೇ ಕರೆಂಟ್ ಇಲ್ಲ ಅಂದಮೇಲೆ ಮುಟ್ಟಿದರೆ ಏನು ಅಂತ ನಮಗೆ ಅನ್ನಿಸುತ್ತೆ ಅಲ್ವಾ? ಲೈನ್‌ಮ್ಯಾನ್ ಹಾಗೆ ಮುಟ್ಟುವುದಿಲ್ಲ. ಮೊದಲು ಉದ್ದ ಕೋಲಿನ ತುದಿಯ ಟೆಸ್ಟರ್ ಹಿಡಿದು ಕರೆಂಟ್ ಇದೆಯಾ ನೋಡುತ್ತಾರೆ. ಇಲ್ಲ ಅಂತ ಗೊತ್ತಾದ ಮೇಲೂ, ದಪ್ಪ ತಾಮ್ರದ ಕೇಬಲ್‌ನ ಕ್ಲಾಂಪ್ ಹಾಕಿ ಮೂರೂ ತಂತಿಗಳನ್ನು ಒಂದಕ್ಕೊಂದು ಸೇರಿಸಿ ಅರ್ತ್ ಮಾಡುತ್ತಾರೆ. ಆಮೇಲೇ ಕೈ. ಯಾಕೆ ಇಷ್ಟೆಲ್ಲ? ಜನರೇಟರ್. ಆ ಬೀದಿಯ ಯಾವುದೋ ಮನೆಯವರು ಚಿಕ್ಕ ಜನರೇಟರ್ ತಂದು, ಚೇಂಜ್ ಓವರ್ ಸ್ವಿಚ್ ಇಲ್ಲದೆ, ಸುಮ್ನೆ ಗೋಡೆ ಪ್ಲಗ್ಗಿಗೆ ಸಿಕ್ಕಿಸಿರುತ್ತಾರೆ. ಫ್ರಿಜ್ ಓಡಬೇಕು, ಪಾಪ. ಆ ಕರೆಂಟ್ ಮನೆಯೊಳಗೆ ನಿಲ್ಲುವುದಿಲ್ಲ. ಸರ್ವಿಸ್ ವೈರ್ ಹಿಡಿದು ಹಿಂದಕ್ಕೆ ಹೋಗಿ ಟ್ರಾನ್ಸ್‌ಫಾರ್ಮರ್ ಮುಟ್ಟುತ್ತದೆ. ಟ್ರಾನ್ಸ್‌ಫಾರ್ಮರ್‌ಗೆ ಹಿಂದೆ ಮುಂದೆ ಗೊತ್ತಿಲ್ಲ. ಮಾಮೂಲಿಯಾಗಿ ಸಾವಿರಾರು ವೋಲ್ಟ್ ಇಳಿಸಿ ಮನೆಗೆ ಕೊಡುವ ಅದೇ ಡಬ್ಬಿ, ಈಗ ಮನೆಯ ವೋಲ್ಟೇಜನ್ನು ಮತ್ತೆ ಸಾವಿರಾರು ಮಾಡಿ ಮೇಲಿನ ತಂತಿಗೆ ಕಳಿಸುತ್ತದೆ. ಒಂದು ಫ್ರಿಜ್ ಓಡಿಸುವ ಜನರೇಟರ್ ಎರಡು ಬೀದಿ ಆಚೆ ಕಂಬದ ಮೇಲಿರುವವನ ಜೀವ ತೆಗೆಯಬಹುದು. ಪೋರ್ಟೊ ರಿಕೊದಲ್ಲಿ ತಿಂಗಳುಗಟ್ಟಲೆ ಜನ ಬದುಕಿದ್ದೇ ಜನರೇಟರ್ ಮೇಲೆ.

ಈಗ ಅದೇ ಕ್ಲಾಂಪನ್ನು ಹದಿನೈದನೇ ಗಂಟೆಯಲ್ಲಿ ಹಾಕಬೇಕು ಅಂತ ಯೋಚಿಸಿ. ನಿದ್ದೆ ಇಲ್ಲ, ದಪ್ಪ ರಬ್ಬರ್ ಗ್ಲೌಸಿನೊಳಗೆ ಬೆವರು ನಿಂತಿದೆ, ಕೆಳಗೆ ಜನ ನಿಂತು ನಮ್ಮ ಬೀದಿಗೆ ಯಾವಾಗ ಅಂತ ಕೇಳುತ್ತಿದ್ದಾರೆ. ಒಂದು ಹೆಜ್ಜೆ ಬಿಟ್ಟರೆ ಹತ್ತು ನಿಮಿಷ ಉಳಿಯುತ್ತದೆ. ಓಟಿ ದರ ಎಷ್ಟೇ ಇರಲಿ, ಅದು ಆ ಹತ್ತು ನಿಮಿಷಕ್ಕೆ ಕೊಡುವ ಬೆಲೆ ಅಲ್ಲ. ಗ್ಯಾಂಗಿನಲ್ಲಿ ಇನ್ನೊಬ್ಬ ಇದ್ದು, ಈಗ ಸಾಕು, ಇಳಿ ಅನ್ನುವ ಹಾಗಿದ್ದರೆ ಅದೇ ದೊಡ್ಡದು. ಅಮೆರಿಕದಲ್ಲಿ ಅತಿ ಅಪಾಯದ ಹತ್ತು ಕೆಲಸಗಳ ಪಟ್ಟಿಯಲ್ಲಿ ಲೈನ್ ಕೆಲಸ ಆಗಾಗ ಬರುವುದು ಸುಮ್ನೆ ಅಲ್ಲ.

ದ್ವೀಪದ ನಡುವೆ ಪೂರ್ತಿ ಗುಡ್ಡ. ಲೈನ್‌ಮ್ಯಾನ್‌ನನ್ನು ಬುಟ್ಟಿಯಲ್ಲಿ ಮೇಲೆತ್ತುವ ಬಕೆಟ್ ಲಾರಿ ಹೋಗುವ ಕಡೆ ಹೋಗುತ್ತದೆ, ಉಳಿದ ಕಡೆ ಕಾಲಿಗೆ ಕೊಕ್ಕೆ ಕಟ್ಟಿಕೊಂಡು ಹತ್ತಬೇಕು. ದೊಡ್ಡ ಲೈನಿನ ಟವರ್‌ಗಳಿಗೆ ಹೆಲಿಕಾಪ್ಟರ್‌ನಲ್ಲಿ ಜನ, ಸಾಮಾನು ಇಳಿಸಿದರು. ಇಷ್ಟು ಮಾಡಿ ಸಾಮಾನೇ ಇಲ್ಲದಿದ್ದರೆ? ಅದೂ ಆಯಿತು. ಕಂಬ ಇಲ್ಲ, ತಂತಿ ಇಲ್ಲ, ಇನ್ಸುಲೇಟರ್ ಇಲ್ಲ ಅಂತ ಕೆಲಸ ನಿಧಾನವಾಗುತ್ತಿತ್ತು. 2018ರ ಜನವರಿಯಲ್ಲಿ ಕೇಂದ್ರದ ಅಧಿಕಾರಿಗಳು ಬಂದೂಕುಧಾರಿ ಕಾವಲಿನವರ ಜೊತೆ ಪಾಲೊ ಸೆಕೊದಲ್ಲಿದ್ದ ಪ್ರೆಪಾದ ಒಂದು ಗೋದಾಮಿಗೆ ಹೋಗಿ ನೋಡಿದರೆ, ಬೇಕಾಗಿದ್ದ ಸಾಮಾನು ಅಲ್ಲೇ ಬಿದ್ದಿತ್ತು.

ಸಿಟ್ಟು ಬಿದ್ದಿದ್ದು ಯಾರ ಮೇಲೆ

ಅಕ್ಟೋಬರ್ 25ರ ಸುಮಾರಿಗೆ ರಾಜಧಾನಿ ಸಾನ್ ಹುವಾನ್‌ನ ಮೇಯರ್ ಕಾರ್ಮೆನ್ ಯುಲೀನ್ ಕ್ರೂಸ್ ಈ ಗುತ್ತಿಗೆ ರದ್ದಾಗಬೇಕು ಅಂದರು. ಅದಕ್ಕೆ ಕಂಪನಿ ಟ್ವಿಟರ್‌ನಲ್ಲಿ ಕೊಟ್ಟ ಉತ್ತರ: ನಿಮ್ಮ ಊರಿನಲ್ಲಿ ನಮ್ಮ 44 ಲೈನ್‌ಮ್ಯಾನ್‌ಗಳು ಕೆಲಸ ಮಾಡುತ್ತಿದ್ದಾರೆ, ಇನ್ನೂ 40 ಜನ ಈಗಷ್ಟೇ ಬಂದಿದ್ದಾರೆ, ಅವರನ್ನು ವಾಪಸ್ ಕಳಿಸೋಣವಾ? ಆಮೇಲೆ ಕ್ಷಮೆ ಕೇಳಿದರು. ಆದರೆ ಆ ಮಾತಿನಲ್ಲಿ ಲೈನ್‌ಮ್ಯಾನ್ ಏನಾಗಿದ್ದ ನೋಡಿ. ಚೌಕಾಸಿಯ ಕಾಯಿ.

ಫೀಮಾ ಇಂಥ ಗುತ್ತಿಗೆಗೆ ನಾವು ಒಪ್ಪಿಗೆ ಕೊಟ್ಟಿಲ್ಲ ಅಂತ ಹೇಳಿತು, ಗುತ್ತಿಗೆ ಪತ್ರದಲ್ಲಿ ಮಾತ್ರ ಒಪ್ಪಿಗೆ ಇದೆ ಅಂತ ಬರೆದಿತ್ತು. ಅಕ್ಟೋಬರ್ 29ಕ್ಕೆ ಗವರ್ನರ್ ರಿಕಾರ್ಡೊ ರೊಸೆಯೊ ಅವರು ರದ್ದು ಮಾಡಿ ಅಂದರು, ಪ್ರೆಪಾ ಮಾಡಿತು. ನವೆಂಬರ್ 17ಕ್ಕೆ ರಾಮೋಸ್ ರಾಜೀನಾಮೆ.

ಈ ನಡುವೆ ಬೀದಿಯಲ್ಲಿ ಇನ್ನೊಂದು ನಡೆಯುತ್ತಿತ್ತು. ತಮ್ಮ ಜನರ ಮೇಲೆ ಕಲ್ಲು, ಬಾಟಲಿ ಎಸೆಯುತ್ತಿದ್ದಾರೆ, ಕಾವಲಿನವರನ್ನು ಇಟ್ಟುಕೊಳ್ಳಬೇಕಾಯಿತು ಅಂತ ಕಂಪನಿಯ ಮುಖ್ಯಸ್ಥರು ಹೇಳಿದರು. ಹಾಗೆ ಆಗಿದ್ದರೆ ಅದರಲ್ಲಿ ಆಶ್ಚರ್ಯವೂ ಇಲ್ಲ, ನ್ಯಾಯವೂ ಇಲ್ಲ. ಎರಡು ತಿಂಗಳಿಂದ ಕತ್ತಲಲ್ಲಿ ಕೂತವರಿಗೆ ಪೇಪರಿನಲ್ಲಿ ಕಂಡದ್ದು 319. ಕಣ್ಣ ಮುಂದೆ ಕಂಡದ್ದು ಹೆಲ್ಮೆಟ್ ಹಾಕಿಕೊಂಡು ಲಾರಿಯಿಂದ ಇಳಿದವನು. ಬಿಲ್ ಬರೆದವರು ಬೀದಿಗೆ ಬರುವುದಿಲ್ಲವಲ್ಲ.

ಅಲ್ಲಿಂದ ಮುಂದೆ ನಡೆದದ್ದು ಇನ್ನೂ ಬೇಸರದ ವಿಷಯ. ರದ್ದಾದ ಮೇಲೂ ಹಿಡಿದ ಕೆಲಸ ಮುಗಿಸುವುದಕ್ಕೆ ನವೆಂಬರ್ 30ರವರೆಗೆ ಇರಬೇಕು ಅಂತ ಮಾತಾಗಿತ್ತು. ನವೆಂಬರ್ 20ಕ್ಕೇ ಕಂಪನಿ ಕೆಲಸ ನಿಲ್ಲಿಸಿತು. ನಮಗೆ 8.3 ಕೋಟಿ ಡಾಲರ್ ಬಾಕಿ ಇದೆ ಅಂದಿತು. ಪ್ರೆಪಾ ಹೇಳಿದ್ದು: ಇವರು ನಮಗೆ ಕೊಡಬೇಕಾದ್ದು ಕೊಟ್ಟಿಲ್ಲ ಅಂತ ಇವರ ಉಪಗುತ್ತಿಗೆದಾರರೊಬ್ಬರು ದೂರು ಹೇಳಿದ್ದಾರೆ, ಅದಕ್ಕೇ ತಡೆ ಹಿಡಿದಿದ್ದೇವೆ. ಇದು ಗುತ್ತಿಗೆ ಸರಪಳಿಯ ಮಾಮೂಲಿ ಕಾಯಿಲೆ. ಮೇಲಿನವರು ಕೊಟ್ಟರೆ ಕೆಳಗಿನವರಿಗೆ, ಕೆಳಗಿನವರು ದೂರಿದರೆ ಮೇಲಿನವರು ನಿಲ್ಲಿಸುತ್ತಾರೆ, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುವಷ್ಟರಲ್ಲಿ ಲಾರಿಗಳು ನಿಂತುಹೋಗುತ್ತವೆ. ಊರಿನ ಸಂಸ್ಥೆಯ ನೌಕರನಾಗಿ ಬಂದವನಿಗೆ ಅವನ ಊರು ಸಂಬಳ ಕೊಡುತ್ತದೆ, ಭಯ ಕಮ್ಮಿ. ಸರಪಳಿಯ ಕೊನೆ ಕೊಂಡಿಯಲ್ಲಿ ಇರುವವನಿಗೆ ಆ ಭರವಸೆ ಇಲ್ಲ.

ಪ್ರೆಪಾದ ಸ್ವಂತ ಲೈನ್‌ಮ್ಯಾನ್‌ಗಳ ಬಗ್ಗೆ ಅಮೆರಿಕದ ಪೇಪರ್‌ಗಳು ಬರೆದದ್ದು ಕಮ್ಮಿ. ಅವರ ಯೂನಿಯನ್, ಉಟಿಯೆರ್, ಹೊರಗಿನ ಖಾಸಗಿ ಗುತ್ತಿಗೆಗಳ ಬಗ್ಗೆ ಜಗಳ ಆಡುತ್ತಲೇ ಇತ್ತು. ಅವರ ಸ್ಥಿತಿ ಇನ್ನೊಂದು ಥರ. ಹೊರಗಿನಿಂದ ಬಂದವನು ವಾರಗಳ ಲೆಕ್ಕದಲ್ಲಿ ದುಡಿದು ಕರೆಂಟ್ ಇರುವ ಮನೆಗೆ ವಾಪಸ್ ಹೋಗುತ್ತಾನೆ. ಇವರ ಮನೆಯೂ ಅದೇ ದ್ವೀಪದಲ್ಲಿ, ಅದೇ ಕತ್ತಲಲ್ಲಿ. ಊರಿನ ಲೈನಿನ ನಕ್ಷೆ ಇರುವುದು ಇವರ ತಲೆಯಲ್ಲಿ, ಯಾವ ಫೀಡರ್ ಎಲ್ಲಿ ತಿರುಗುತ್ತದೆ, ಯಾವ ಗುಡ್ಡದ ಹಿಂದೆ ಕಂಬ ಇದೆ ಅಂತ. ಹೊಸಬರನ್ನು ಕರೆದುಕೊಂಡು ಹೋಗಿ ತೋರಿಸುವವರು ಇವರೇ ಆಗಬೇಕು. ದರ ಮಾತ್ರ ಹಳೆಯದೇ.

ಪರಸ್ಪರ ನೆರವಿನ ಗ್ಯಾಂಗ್‌ಗಳು ನವೆಂಬರ್‌ನಿಂದ ಬರಲು ಶುರುವಾದವು. 2018ರ ಜನವರಿ ಹೊತ್ತಿಗೆ ದೊಡ್ಡ ಸಂಖ್ಯೆಯಲ್ಲಿ ಬಂದರು. ಮೊದಲೇ ಕರೆದಿದ್ದರೆ ಅದೇ ಜನ ಇನ್ನೂ ಬೇಗ ಬರಬಹುದಿತ್ತು. ಎಲ್ಲರಿಗೂ ಕರೆಂಟ್ ಬಂತು ಅಂತ ಪ್ರೆಪಾ ಹೇಳಿದ್ದು 2018ರ ಆಗಸ್ಟ್‌ನಲ್ಲಿ, ಹನ್ನೊಂದು ತಿಂಗಳು ಆಗುತ್ತಾ ಬಂದಿತ್ತು. ಮರಿಯಾದಿಂದ ಮತ್ತು ಅದರ ನಂತರದ ತಿಂಗಳುಗಳಲ್ಲಿ 2,975 ಜನ ಹೆಚ್ಚುವರಿಯಾಗಿ ಸತ್ತರು ಅಂತ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಂದಾಜು ಅದೇ ಆಗಸ್ಟ್‌ನಲ್ಲಿ ಬಂತು.

ಈ ಪ್ರಕರಣ ಓದುವಾಗ ನನಗೆ ಮತ್ತೆ ಮತ್ತೆ ಕಾಡಿದ ಒಂದು ಸಣ್ಣ ವಿಷಯ ಇದೆ. 42, 63, 100 ಅನ್ನುವ ಆ ಮೂರು ಸಂಖ್ಯೆಗಳು ನಮಗೆ ಗೊತ್ತಾದದ್ದು ಹೇಗೆ? ಗುತ್ತಿಗೆಯಿಂದಲ್ಲ. ಅದರಲ್ಲಿ ಆಡಿಟ್‌ಗೇ ಬೀಗ. ಕಿಸಿಮೀ, ಲೇಕ್‌ಲ್ಯಾಂಡ್, ಜ್ಯಾಕ್ಸನ್‌ವಿಲ್ ಮೂರೂ ಕಡೆ ವಿದ್ಯುತ್ ಸಂಸ್ಥೆ ಊರಿನ ಜನರದ್ದು, ಖಾಸಗಿ ಕಂಪನಿಯದ್ದಲ್ಲ. ಅವರ ಸಂಬಳದ ಕಾಗದ ಯಾರು ಕೇಳಿದರೂ ತೋರಿಸಬೇಕು. ಹಾಗಾಗಿ ಇಂಥ ಲೆಕ್ಕ ಹೊರಗೆ ಸಿಗುತ್ತದೆ. ಅದೇ ಗುತ್ತಿಗೆಯಲ್ಲಿ ಖಾಸಗಿ ಉಪಗುತ್ತಿಗೆದಾರರ ಕಡೆಯಿಂದ ಬಂದು ಪಕ್ಕದ ಕಂಬ ಹತ್ತಿದವರೂ ಇದ್ದರು. ಅವರ ಹೆಸರಲ್ಲೂ 319 ಬಿಲ್ ಆಯಿತು. ಅವರ ಕೈಗೆ ಎಷ್ಟು ಬಂತು ಅನ್ನುವ ಕಾಗದವನ್ನು ಕೇಳಿದವರಿಗೆಲ್ಲ ತೋರಿಸಬೇಕಾದವರು ಯಾರೂ ಇರಲಿಲ್ಲ.